ಕೆವಿಎಂ ಸ್ವಿಚ್ ಕೈಕೊಟ್ಟಾಗ: ಲಕ್ಷಣ ನೋಡಿ ದೋಷ ಹುಡುಕುವ ಬಗೆ

ಮೇಜಿನ ಮೇಲೆ ಎರಡು ಮೂರು ಕಂಪ್ಯೂಟರ್, ಅವಕ್ಕೆಲ್ಲ ಒಂದೇ ಕೀಬೋರ್ಡ್, ಒಂದೇ ಮೌಸ್, ಒಂದೇ ಮಾನಿಟರ್. ಇವನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುವ ಪುಟ್ಟ ಡಬ್ಬಿಯೇ ಕೆವಿಎಂ ಸ್ವಿಚ್. ಸರಿಯಾಗಿ ನಡೆಯುವಾಗ ಅದೊಂದು ಇದೆ ಅನ್ನುವುದೇ ಮರೆತುಹೋಗಿರುತ್ತದೆ. ಕೆಟ್ಟ ದಿನ ಮಾತ್ರ ಒಂದು ಕಂಪ್ಯೂಟರೂ ಕೈಗೆ ಸಿಗುವುದಿಲ್ಲ. ಆ ಗಾಬರಿಯಲ್ಲಿ ಡಬ್ಬಿಯನ್ನೇ ಶಪಿಸಿ ಹೊಸದನ್ನು ತರಿಸುವವರೇ ಹೆಚ್ಚು. ನಾನು ನೋಡಿದ ಮಟ್ಟಿಗೆ ದೋಷ ಡಬ್ಬಿಯ ಒಳಗಿರುವುದು ಅಪರೂಪ. ಕೇಬಲ್, ವಿದ್ಯುತ್ತು, ಇಲ್ಲವೇ ಕಂಪ್ಯೂಟರ್ ಮತ್ತು ಮಾನಿಟರ್ ನಡುವೆ ನಡೆಯುವ ಪರಿಚಯದ ಮಾತುಕತೆ, ಈ ಮೂರರಲ್ಲೇ ಎಲ್ಲೋ ಎಡವಟ್ಟಾಗಿರುತ್ತದೆ.

ಡಬ್ಬಿ ಒಂದೇ ಆದರೂ ಒಳಗೆ ದಾರಿ ಎರಡು. ಒಂದರಲ್ಲಿ ಚಿತ್ರ ಓಡುತ್ತದೆ, ಇನ್ನೊಂದರಲ್ಲಿ ಕೀಬೋರ್ಡ್ ಮತ್ತು ಮೌಸ್‌ನ ಯುಎಸ್‌ಬಿ ಸಂಕೇತ. ಒಂದು ಕೆಟ್ಟರೂ ಇನ್ನೊಂದು ಚೆನ್ನಾಗಿಯೇ ನಡೆದಿರಬಹುದು. ಹಾಗಾಗಿ ಯಾವ ಕೇಬಲ್ಲನ್ನೂ ಮುಟ್ಟುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ಹೋಗಿರುವುದು ಚಿತ್ರವೋ, ಕೀಬೋರ್ಡ್-ಮೌಸೋ, ಎರಡೂ ಒಟ್ಟಿಗೋ? ತೊಂದರೆ ಒಂದೇ ಕಂಪ್ಯೂಟರಿಗೋ, ಎಲ್ಲಕ್ಕೋ? ಒಂದಕ್ಕೆ ಮಾತ್ರ ಆಗಿದ್ದರೆ ಆ ಕಂಪ್ಯೂಟರ್, ಅದರ ಕೇಬಲ್, ಅದು ಸಿಕ್ಕಿಕೊಂಡಿರುವ ಪೋರ್ಟ್, ಇಷ್ಟರೊಳಗೆ ಹುಡುಕಿದರೆ ಸಾಕು. ಎಲ್ಲಕ್ಕೂ ಆಗಿದ್ದರೆ ಎಲ್ಲಕ್ಕೂ ಸಾಮಾನ್ಯವಾದದ್ದನ್ನು ನೋಡಬೇಕು: ಮಾನಿಟರ್ ಕಡೆಯ ಕೇಬಲ್, ಅಡಾಪ್ಟರ್, ಕೀಬೋರ್ಡ್, ಕೊನೆಗೆ ಡಬ್ಬಿ. ಈ ಎರಡು ಉತ್ತರ ಸಿಕ್ಕರೆ ಹುಡುಕಾಟ ಅರ್ಧ ಮುಗಿದ ಹಾಗೆ.

ಕೈಹಾಕುವ ಮುಂಚೆ

ಸುಟ್ಟ ವಾಸನೆ, ಬಿಸಿಯಾಗಿ ಮುಟ್ಟಲಾಗದ ಅಡಾಪ್ಟರ್, ಕರಗಿದ ಪ್ಲಗ್ ಕಂಡರೆ ಪರೀಕ್ಷೆ ಅಲ್ಲಿಗೇ ನಿಲ್ಲಲಿ. ಗೋಡೆಯ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಆ ಅಡಾಪ್ಟರನ್ನು ಮತ್ತೆ ಬಳಸಬೇಡಿ.

ಕೇಬಲ್ಲಿನ ಲೋಹದ ತುದಿ ಅಥವಾ ಕಂಪ್ಯೂಟರಿನ ಮೈ ಮುಟ್ಟಿದಾಗ ಜುಮ್ಮೆಂದರೆ ಅದನ್ನು ಸಣ್ಣದೆಂದು ತಳ್ಳಿಹಾಕಬೇಡಿ. ಕೆವಿಎಂ ಎಲ್ಲ ಕಂಪ್ಯೂಟರುಗಳ ಲೋಹದ ಕವಚವನ್ನೂ ಕೇಬಲ್ ಮೂಲಕ ಒಂದಕ್ಕೊಂದು ಬೆಸೆದಿರುತ್ತದೆ. ಒಂದಕ್ಕೆ ಅರ್ಥಿಂಗ್ ಇಲ್ಲದಿದ್ದರೆ ಅದರ ಸೋರಿಕೆ ಉಳಿದವಕ್ಕೂ ಹರಿಯುತ್ತದೆ. ಎಲ್ಲವನ್ನೂ ಅರ್ಥಿಂಗ್ ಇರುವ ಒಂದೇ ವಿದ್ಯುತ್ ಪಟ್ಟಿಗೆ ಸಿಕ್ಕಿಸಿ. ಆಮೇಲೂ ಜುಮ್ಮೆಂದರೆ ಅದು ಎಲೆಕ್ಟ್ರಿಷಿಯನ್ ನೋಡಬೇಕಾದ ಕೆಲಸ.

ಇನ್ನೊಂದು ಮಾತು: ಹಳೆಯ ದುಂಡು ಪಿಎಸ್/2 ಪ್ಲಗ್ಗುಗಳನ್ನು, ಅಂದರೆ ಕೀಬೋರ್ಡಿನ ನೇರಳೆ ಮತ್ತು ಮೌಸಿನ ಹಸಿರು ಪ್ಲಗ್ಗನ್ನು, ಕಂಪ್ಯೂಟರ್ ಚಾಲೂ ಇದ್ದಾಗ ಕೀಳಬಾರದು, ಹಾಕಲೂಬಾರದು. ಅವನ್ನು ಹಾಗೆ ಬಳಸಲೆಂದು ಮಾಡಿದ್ದಲ್ಲ. ಯುಎಸ್‌ಬಿಗೆ ಈ ತೊಂದರೆಯಿಲ್ಲ.

ಏನೂ ಇಲ್ಲ: ದೀಪವಿಲ್ಲ, ಚಿತ್ರವಿಲ್ಲ, ಕೀಬೋರ್ಡೂ ಇಲ್ಲ

ಎರಡು ದಾರಿಯೂ ಒಟ್ಟಿಗೆ ನಿಂತಿದೆ ಅಂದರೆ ಮೊದಲ ಅನುಮಾನ ವಿದ್ಯುತ್ತಿನ ಮೇಲೆ. ಅಡಾಪ್ಟರ್ ಗೋಡೆಯಲ್ಲಿ ಗಟ್ಟಿಯಾಗಿ ಕೂತಿದೆಯೇ, ಡಬ್ಬಿಯ ಹಿಂದಿನ ಸಣ್ಣ ಪಿನ್ ಅಲುಗಾಡುತ್ತಿದೆಯೇ ನೋಡಿ. ಸ್ಥಳ ಗುಡಿಸುವಾಗ ಕಳಚಿಕೊಳ್ಳುವುದು ಹೆಚ್ಚಾಗಿ ಇದೇ.

ಅಡಾಪ್ಟರ್ ಇಲ್ಲದೆ ಬರುವ ಡಬ್ಬಿಗಳೂ ಇವೆ. ಅವು ಕಂಪ್ಯೂಟರಿಂದ ಬರುವ ಯುಎಸ್‌ಬಿ ಕೇಬಲ್ಲಿನಿಂದಲೇ ವಿದ್ಯುತ್ತು ಎಳೆದುಕೊಳ್ಳುತ್ತವೆ. ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿಆಂಪಿಯರ್, ಯುಎಸ್‌ಬಿ 3.0 ಕೊಡುವುದು 900. ಡಬ್ಬಿ, ದೀಪಗಳಿರುವ ಕೀಬೋರ್ಡ್, ಮೌಸ್, ಮೇಲಿಂದ ಒಂದು ವೆಬ್‌ಕ್ಯಾಮ್, ಇಷ್ಟೂ ಆ 500ರೊಳಗೆ ಬದುಕುವುದು ಕಷ್ಟ. ಎಲ್ಲ ಕಂಪ್ಯೂಟರೂ ಚಾಲೂ ಇದ್ದಾಗ ಚೆನ್ನಾಗಿ ನಡೆದು, ಒಂದನ್ನು ಆರಿಸಿದ ಕೂಡಲೇ ತಡವರಿಸಿದರೆ ಇದೇ ಕಾರಣ ಅಂದುಕೊಳ್ಳಿ. ಡಬ್ಬಿಯಲ್ಲಿ ಅಡಾಪ್ಟರಿನ ತೂತಿದ್ದರೆ ಅದಕ್ಕೆ ಹೊಂದುವ ಅಡಾಪ್ಟರ್ ಹಾಕಿ.

ಹೊಂದುವುದು ಅಂದರೆ ಪಿನ್ ಒಳಗೆ ಹೋಗುವುದಷ್ಟೇ ಅಲ್ಲ. 5 ವೋಲ್ಟಿನ ಡಬ್ಬಿಗೆ 12 ವೋಲ್ಟಿನ ಅಡಾಪ್ಟರ್ ಹಾಕಿದರೂ ಪಿನ್ ಸಲೀಸಾಗಿ ಕೂರಬಹುದು, ಹೊಗೆಯೂ ಅಷ್ಟೇ ಸಲೀಸಾಗಿ ಬರಬಹುದು. ವೋಲ್ಟ್ ಒಂದೇ ಇರಬೇಕು. ಪಿನ್ನಿನ ನಡುವೆ ಧನವೋ ಋಣವೋ ಅನ್ನುವುದು ಎರಡರ ಮೇಲಿನ ಗುರುತಿನಲ್ಲೂ ಒಂದೇ ಇರಬೇಕು. ಆಂಪಿಯರ್ ಮಾತ್ರ ಡಬ್ಬಿ ಕೇಳಿದ್ದಕ್ಕಿಂತ ಹೆಚ್ಚಿದ್ದರೆ ಅಡ್ಡಿಯಿಲ್ಲ, ಕಡಿಮೆ ಇರಬಾರದು.

ದೀಪ ಉರಿಯುತ್ತಿದ್ದೂ ಡಬ್ಬಿ ಮಂಕು ಬಡಿದಂತೆ ಕೂತಿದ್ದರೆ ಅದನ್ನು ಪೂರ್ತಿ ಆರಿಸಿ ಎಬ್ಬಿಸಬೇಕು. ಇಲ್ಲಿ ಬಹಳ ಜನ ಎಡವುತ್ತಾರೆ: ಅಡಾಪ್ಟರ್ ಕಿತ್ತರೆ ಡಬ್ಬಿ ಆರಿತು ಅಂದುಕೊಳ್ಳುತ್ತಾರೆ. ಆರಿರುವುದಿಲ್ಲ, ಯುಎಸ್‌ಬಿ ಕೇಬಲ್ಲುಗಳಿಂದ ಅದಕ್ಕೆ ಜೀವ ಬರುತ್ತಲೇ ಇರುತ್ತದೆ. ಅಡಾಪ್ಟರ್ ಕೀಳಿ, ಎಲ್ಲ ಕಂಪ್ಯೂಟರುಗಳ ಯುಎಸ್‌ಬಿ ಕೇಬಲ್ ಕೀಳಿ, ವಿಡಿಯೊ ಕೇಬಲ್ಲುಗಳನ್ನೂ ಕೀಳಿ. ದೀಪವೆಲ್ಲ ಆರಿದ ಮೇಲೂ ಅರ್ಧ ನಿಮಿಷ ಬಿಡಿ. ಆಮೇಲೆ ಮೊದಲು ಅಡಾಪ್ಟರ್, ನಂತರ ಮಾನಿಟರ್, ಕೀಬೋರ್ಡ್ ಮತ್ತು ಮೌಸ್, ಕೊನೆಗೆ ಕಂಪ್ಯೂಟರುಗಳನ್ನು ಒಂದೊಂದಾಗಿ ಸೇರಿಸಿ. ಒಂದನ್ನು ಸೇರಿಸಿ ಅದು ನಡೆಯುತ್ತಿದೆ ಎಂದು ಖಚಿತವಾದ ಮೇಲೇ ಮುಂದಿನದಕ್ಕೆ ಹೋಗಿ. ಯಾವುದನ್ನು ಸೇರಿಸಿದಾಗ ಮತ್ತೆ ಕೆಟ್ಟಿತೋ ಅಲ್ಲೇ ಕಳ್ಳ ಸಿಗುತ್ತಾನೆ. ಕೆಳಗಿನ ಎಷ್ಟೋ ದೋಷಗಳಿಗೂ ಇದೇ ಮೊದಲ ಮದ್ದು. ಕಾಸು ಖರ್ಚಿಲ್ಲ.

ಪರದೆ ಕಪ್ಪು, ಆದರೆ ಕೀಬೋರ್ಡ್ ನಡೆಯುತ್ತಿದೆ

ಕೀಬೋರ್ಡ್ ನಡೆಯುತ್ತಿದೆ ಅನ್ನುವುದು ಹೇಗೆ ಗೊತ್ತಾಗಬೇಕು? ನಮ್‌ಲಾಕ್ ಒತ್ತಿ ನೋಡಿ. ಅದರ ದೀಪ ಹತ್ತಿ ಆರಿದರೆ ಸಾಮಾನ್ಯವಾಗಿ ಆ ಕಂಪ್ಯೂಟರ್ ನಿಮ್ಮ ಮಾತು ಕೇಳಿಸಿಕೊಳ್ಳುತ್ತಿದೆ. ಕೆಲವು ಡಬ್ಬಿಗಳು ದೀಪವನ್ನು ತಾವೇ ಹತ್ತಿಸುವುದರಿಂದ ಇದನ್ನು ನೂರಕ್ಕೆ ನೂರು ನಂಬುವ ಹಾಗಿಲ್ಲ. ಮ್ಯಾಕ್‌ನಲ್ಲಂತೂ ನಮ್‌ಲಾಕ್ ಇರುವುದಿಲ್ಲ, ಅಲ್ಲಿ ಕ್ಯಾಪ್ಸ್‌ಲಾಕ್ ಒತ್ತಿ.

ಮೊದಲು ಮಾನಿಟರನ್ನೇ ನೋಡಿ. ಈಗಿನ ಮಾನಿಟರುಗಳಿಗೆ ಸಿಗ್ನಲ್ ಇರುವ ಕಡೆ ತಾವೇ ಹುಡುಕಿಕೊಂಡು ಹೋಗುವ ಚಾಳಿ. ಕೆವಿಎಂ ದಾಟಿಸುವ ಒಂದೆರಡು ಸೆಕೆಂಡ್ ಸಿಗ್ನಲ್ ನಿಂತಿತೋ, ಮಾನಿಟರ್ ಬೇರೆ ಇನ್‌ಪುಟ್ ಹುಡುಕುತ್ತಾ ಹೊರಟಿರುತ್ತದೆ. ಅದರ ಮೆನುವಿನಲ್ಲಿ ತಾನೇ ಆರಿಸಿಕೊಳ್ಳುವ ಆಯ್ಕೆಯನ್ನು ತೆಗೆದು, ಕೆವಿಎಂ ಸಿಕ್ಕಿಸಿರುವ ಇನ್‌ಪುಟ್ಟನ್ನೇ ಕಾಯಂ ಮಾಡಿ.

ಅದು ಸರಿಯಿದ್ದರೆ ಡಬ್ಬಿಯನ್ನು ದಾರಿಯಿಂದ ತೆಗೆದು ನೋಡುವುದು. ಚಿತ್ರ ಬಾರದ ಕಂಪ್ಯೂಟರಿನ ವಿಡಿಯೊ ಕೇಬಲ್ಲನ್ನು ನೇರ ಮಾನಿಟರಿಗೆ ಸಿಕ್ಕಿಸಿ. ಆಗಲೂ ಚಿತ್ರ ಬಾರದಿದ್ದರೆ ಕೆವಿಎಂ ನಿರಪರಾಧಿ, ದೋಷ ಕಂಪ್ಯೂಟರಿನಲ್ಲೋ ಕೇಬಲ್ಲಿನಲ್ಲೋ ಇದೆ. ಚಿತ್ರ ಬಂದರೆ ಆ ಕೇಬಲ್ ಒಳ್ಳೆಯದು ಎಂದಾಯಿತು. ಈಗ ಅದನ್ನು ಕೆವಿಎಂನ ಬೇರೆ ಪೋರ್ಟಿಗೆ, ಈಗಾಗಲೇ ಚೆನ್ನಾಗಿ ನಡೆಯುತ್ತಿರುವ ಪೋರ್ಟಿಗೆ, ಹಾಕಿ. ದೋಷ ಕಂಪ್ಯೂಟರಿನ ಜೊತೆ ಹೋಯಿತೇ, ಪೋರ್ಟಿನಲ್ಲೇ ಉಳಿಯಿತೇ? ಪೋರ್ಟಿನಲ್ಲೇ ಉಳಿದರೆ ಡಬ್ಬಿಯ ಆ ಪೋರ್ಟ್ ಸತ್ತಿದೆ.

ದೋಷ ಕಂಪ್ಯೂಟರಿನ ಜೊತೆ ಹೋದರೆ ವಿಷಯ ಸ್ವಲ್ಪ ಸೂಕ್ಷ್ಮ. ಮಾನಿಟರ್ ಸಿಕ್ಕಿದ ಕೂಡಲೇ ಕಂಪ್ಯೂಟರ್ ಅದರಿಂದ ಒಂದು ಪರಿಚಯ ಚೀಟಿ ಓದುತ್ತದೆ. ಅದಕ್ಕೆ ಇಡಿಐಡಿ ಎಂದು ಹೆಸರು. ಮಾನಿಟರ್ ಯಾವುದು, ಎಷ್ಟು ರೆಸಲ್ಯೂಶನ್ (ಚಿತ್ರದ ಚುಕ್ಕಿಗಳ ಲೆಕ್ಕ), ಎಷ್ಟು ಹರ್ಟ್ಸ್ (ಸೆಕೆಂಡಿಗೆ ಚಿತ್ರ ಎಷ್ಟು ಸಲ ಹೊಸದಾಗುತ್ತದೆ ಎಂಬ ಲೆಕ್ಕ) ತಾಳಬಲ್ಲದು ಎಂಬುದೆಲ್ಲ ಅದರಲ್ಲಿ ಇರುತ್ತದೆ. ಮೂಲ ಚೀಟಿ ಬರೀ 128 ಬೈಟ್. ಆದರೆ ಅದು ಸಿಗದಿದ್ದರೆ ಕಂಪ್ಯೂಟರ್ ಏನನ್ನೂ ಕಳಿಸದೆ ಸುಮ್ಮನಿರಬಹುದು, ಇಲ್ಲವೇ ಅತಿ ಕಡಿಮೆ ರೆಸಲ್ಯೂಶನ್ ಕಳಿಸಬಹುದು. ಕಂಪ್ಯೂಟರ್ ಚಾಲೂ ಆಗುವ ಹೊತ್ತಿಗೆ ಕೆವಿಎಂ ಬೇರೆ ಕಡೆ ತಿರುಗಿದ್ದರೆ ಆಗುವುದು ಇದೇ: ಅದಕ್ಕೆ ಮಾನಿಟರ್ ಕಾಣುವುದಿಲ್ಲ. ಆಮೇಲೆ ನೀವು ಅತ್ತ ತಿರುಗಿಸಿದರೂ ಕೆಲವು ಕಂಪ್ಯೂಟರುಗಳು, ಮುಖ್ಯವಾಗಿ ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರುಗಳು ಮತ್ತು ಹಳೆಯ ಸರ್ವರುಗಳು, ಮತ್ತೆ ಕೇಳುವ ಗೋಜಿಗೇ ಹೋಗುವುದಿಲ್ಲ. ಕೆವಿಎಂ ಅದರ ಕಡೆಗಿರುವಾಗಲೇ ಆ ಕಂಪ್ಯೂಟರನ್ನು ಮರುಚಾಲೂ ಮಾಡಿ. ಚಿತ್ರ ಬಂದರೆ ಕಾರಣ ಸಿಕ್ಕಿತು.

ಪ್ರತಿ ಸಲ ಹೀಗೆ ಮಾಡುತ್ತಾ ಕೂರಲಾಗದು ಅನ್ನುವವರಿಗೆ ಎರಡು ದಾರಿ. ಮಾನಿಟರಿನ ಚೀಟಿಯನ್ನು ನೆನಪಿಟ್ಟುಕೊಂಡು ಎಲ್ಲ ಕಂಪ್ಯೂಟರಿಗೂ ಸದಾ ತೋರಿಸುವ, ಅಂದರೆ ಇಡಿಐಡಿ ಎಮ್ಯುಲೇಶನ್ ಇರುವ ಕೆವಿಎಂ ಒಂದು. ಕೇಬಲ್ ನಡುವೆ ಸಿಕ್ಕಿಸುವ ಪುಟ್ಟ ಇಡಿಐಡಿ ಎಮ್ಯುಲೇಟರ್ ಇನ್ನೊಂದು. ತೊಂದರೆ ಒಂದೇ ಕಂಪ್ಯೂಟರಿಗಿದ್ದರೆ ಎರಡನೆಯದೇ ಅಗ್ಗ.

ಎಚ್‌ಡಿಎಂಐ ಬದಲು ಡಿಸ್‌ಪ್ಲೇಪೋರ್ಟ್ ಎಂಬ ಬಗೆಯ ವಿಡಿಯೊ ಜೋಡಣೆ ಬಳಸುವವರು ಕೇಬಲ್ ಬಗ್ಗೆಯೂ ಅನುಮಾನ ಇಟ್ಟುಕೊಳ್ಳಿ. ಎರಡು ಉಪಕರಣಗಳನ್ನು ಜೋಡಿಸುವ ಕೇಬಲ್ಲಿನಲ್ಲಿ 20ನೆಯ ಪಿನ್ನಿಗೆ ತಂತಿ ಇರಕೂಡದು. ಅದು 3.3 ವೋಲ್ಟಿನ ವಿದ್ಯುತ್ತಿನ ಪಿನ್. ಕಳಪೆ ಕೇಬಲ್ಲುಗಳಲ್ಲಿ ಅದನ್ನೂ ಜೋಡಿಸಿರುತ್ತಾರೆ. ಆಗ ಮಾನಿಟರಿಂದ ಕಂಪ್ಯೂಟರಿಗೆ ವಿದ್ಯುತ್ತು ಹಿಮ್ಮುಖ ಹರಿದು, ಆರಿಸಿದ ಕಂಪ್ಯೂಟರಿನಲ್ಲಿ ದೀಪ ಮಿಣುಕುವುದು, ಚಾಲೂ ಆಗಲು ಮೊಂಡುತನ ಮಾಡುವುದು ಇಂಥ ದೆವ್ವದಾಟಗಳು ಶುರುವಾಗುತ್ತವೆ. ಕೇಬಲ್ ಬದಲಿಸಿದರೆ ನಿಲ್ಲುತ್ತವೆ.

ನಡುವೆ ಪರಿವರ್ತಕ ಇದ್ದರೆ ಅದರ ದಿಕ್ಕು ನೋಡಿ. ಡಿಸ್‌ಪ್ಲೇಪೋರ್ಟ್ ಕಂಪ್ಯೂಟರಿಂದ ಎಚ್‌ಡಿಎಂಐ ಮಾನಿಟರಿಗೆ ಹೋಗುವ ಅಗ್ಗದ ಪರಿವರ್ತಕ ಹಿಮ್ಮುಖವಾಗಿ ನಡೆಯುವುದಿಲ್ಲ. ಎಚ್‌ಡಿಎಂಐ ಕಂಪ್ಯೂಟರಿಂದ ಡಿಸ್‌ಪ್ಲೇಪೋರ್ಟ್ ಕೆವಿಎಂಗೆ ಹೋಗಬೇಕಾದರೆ ಒಳಗೆ ಚಿಪ್ ಇರುವ, ಬೇರೆ ವಿದ್ಯುತ್ತು ಕೇಳುವ ಪರಿವರ್ತಕವೇ ಬೇಕು.

ಎಲ್ಲ ಚೆನ್ನಾಗಿದ್ದು ಸಿನಿಮಾ ತಾಣಗಳಲ್ಲಿ ಮಾತ್ರ ಪರದೆ ಕಪ್ಪಾಗುತ್ತಿದ್ದರೆ ಅದು ಎಚ್‌ಡಿಸಿಪಿ ಎಂಬ ನಕಲು ತಡೆಯ ಬೀಗ. ಕೆವಿಎಂ ಅದನ್ನು ಬೆಂಬಲಿಸಬೇಕು, ಇಲ್ಲದಿದ್ದರೆ ಆ ಕಂಪ್ಯೂಟರಿಂದ ಮಾನಿಟರಿಗೆ ನೇರ ಕೇಬಲ್ ಎಳೆಯಬೇಕು. ಸೆಟ್ಟಿಂಗ್ ತಿರುಚಿ ಗುಣವಾಗುವುದು ಅಪರೂಪ.

ಚಿತ್ರ ಬರುತ್ತದೆ, ಮಿಣುಕುತ್ತದೆ. ಅಥವಾ 4ಕೆ ಮಾನಿಟರಿನಲ್ಲಿ ಮೌಸ್ ಬಾಣ ಎಳೆದೆಳೆದು ಸಾಗುತ್ತದೆ

ಆಗಾಗ ಒಂದು ಕ್ಷಣ ಕಪ್ಪಾಗಿ ಮರಳುವುದು, ಚುಕ್ಕಿ ಚುಕ್ಕಿ ಮಿಂಚುವುದು, ಇವು ಸಿಗ್ನಲ್ ಸೊರಗಿದ ಗುರುತು. ಕಂಪ್ಯೂಟರಿಂದ ಡಬ್ಬಿಗೆ ಒಂದು ಕೇಬಲ್, ಡಬ್ಬಿಯಿಂದ ಮಾನಿಟರಿಗೆ ಇನ್ನೊಂದು. ನೇರ ಸಿಕ್ಕಿಸಿದಾಗ ಸಾಕಾಗುತ್ತಿದ್ದ ಕೇಬಲ್ ಈ ದುಪ್ಪಟ್ಟು ದಾರಿಯಲ್ಲಿ ಸೋಲುತ್ತದೆ.

ಪರೀಕ್ಷೆ ಸುಲಭ. ಕಂಪ್ಯೂಟರಿನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ರೆಸಲ್ಯೂಶನ್ನನ್ನು 1920×1080ಕ್ಕೆ, ವೇಗವನ್ನು 60 ಹರ್ಟ್ಸಿಗೆ ಇಳಿಸಿ. ಮಿಣುಕು ನಿಂತರೆ ಕಾರಣ ಕೇಬಲ್ ಅಥವಾ ಡಬ್ಬಿಯ ಸಾಮರ್ಥ್ಯ, ಮಾನಿಟರ್ ಅಲ್ಲ. ಕೇಬಲ್ಲನ್ನು ಗಿಡ್ಡದಕ್ಕೆ, ಎರಡು ಮೀಟರಿನೊಳಗಿನದಕ್ಕೆ, ಬದಲಿಸಿ ನೋಡಿ. ಡಬ್ಬಿಯಿಂದ ಮಾನಿಟರಿಗೆ ಹೋಗುವ ಕೇಬಲ್ಲನ್ನೇ ಮೊದಲು ಬದಲಿಸಿ, ಎಲ್ಲ ಕಂಪ್ಯೂಟರಿನ ಚಿತ್ರವೂ ಹಾಯುವುದು ಅದರಲ್ಲೇ.

4ಕೆ ಚಿತ್ರ 30 ಹರ್ಟ್ಸಿಗಿಂತ ಮೇಲೇರದಿದ್ದರೆ ಡಬ್ಬಿ ಎಚ್‌ಡಿಎಂಐ 1.4ರ ಕಾಲದ್ದು ಎಂದು ಹೆಚ್ಚುಕಡಿಮೆ ಹೇಳಿಬಿಡಬಹುದು. ಅದರ ಮಿತಿ ಸೆಕೆಂಡಿಗೆ 10.2 ಗಿಗಾಬಿಟ್. 4ಕೆ 60 ಹರ್ಟ್ಸ್ ಬೇಕಾದರೆ 18 ಗಿಗಾಬಿಟ್ಟಿನ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ 1.2 ಬೇಕು. ಕಂಪ್ಯೂಟರ್, ಕೇಬಲ್, ಡಬ್ಬಿ, ಮಾನಿಟರ್, ಈ ಸಾಲಿನಲ್ಲಿ ಅತಿ ಹಿಂದಿರುವುದು ಯಾವುದೋ ಅದೇ ಉಳಿದವನ್ನೂ ತನ್ನ ಮಟ್ಟಕ್ಕೆ ಎಳೆಯುತ್ತದೆ. ಡಬ್ಬಿಯ ಮೇಲೆ ದೊಡ್ಡದಾಗಿ 4ಕೆ ಎಂದು ಬರೆದು, ಪಕ್ಕದಲ್ಲಿ ಸಣ್ಣಕ್ಷರದಲ್ಲಿ 30 ಎಂದು ಬರೆಯುವ ಜಾಣತನ ಸಾಮಾನ್ಯ. ಕೊಳ್ಳುವಾಗ ಆ ಸಣ್ಣಕ್ಷರ ಓದಿ.

ಹಳೆಯ ವಿಜಿಎ ಡಬ್ಬಿಯಲ್ಲಿ ಅಕ್ಷರಗಳಿಗೆ ನೆರಳು ಬಂದಂತೆ ಕಂಡರೆ ಕೇಬಲ್ ತೆಳ್ಳಗಿದೆ ಅಥವಾ ಉದ್ದವಾಗಿದೆ. ದಪ್ಪ, ಗಿಡ್ಡ ಕೇಬಲ್ ಹಾಕಿ, ಸ್ಕ್ರೂ ಬಿಗಿಯಿರಿ.

ದಾಟಿಸಿ ಮರಳುವಷ್ಟರಲ್ಲಿ ವಿಂಡೋಗಳೆಲ್ಲ ಚೆಲ್ಲಾಪಿಲ್ಲಿ

ಇದು ಕೆಟ್ಟಿರುವುದರ ಲಕ್ಷಣವಲ್ಲ. ನೀವು ಅತ್ತ ತಿರುಗಿದ ಕೂಡಲೇ ಇತ್ತಲಿನ ಕಂಪ್ಯೂಟರಿಗೆ ಮಾನಿಟರನ್ನೇ ಕಿತ್ತೊಯ್ದಂತೆ ಕಾಣುತ್ತದೆ. ಅದು ವಿಂಡೋಗಳನ್ನು ಉಳಿದ ಪರದೆಗೆ ತುರುಕುತ್ತದೆ ಅಥವಾ ಕುಗ್ಗಿಸುತ್ತದೆ. ಎಚ್‌ಡಿಎಂಐಗಿಂತ ಡಿಸ್‌ಪ್ಲೇಪೋರ್ಟಿನಲ್ಲಿ ಇದು ಹೆಚ್ಚು. ವಿಂಡೋಸ್ 11ರ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ, ಹಲವು ಮಾನಿಟರುಗಳ ವಿಭಾಗದ ಅಡಿ, ಮಾನಿಟರಿಗೆ ತಕ್ಕಂತೆ ವಿಂಡೋಗಳ ಜಾಗ ನೆನಪಿಡುವ ಆಯ್ಕೆ ಇದೆ. ಅದನ್ನು ಹಾಕಿಟ್ಟರೆ ಬಹುಪಾಲು ತಾಪತ್ರಯ ಹೋಗುತ್ತದೆ. ಪೂರ್ತಿ ಪರಿಹಾರ ಮಾತ್ರ ಮೇಲೆ ಹೇಳಿದ ಇಡಿಐಡಿ ಎಮ್ಯುಲೇಶನ್ನೇ.

ಚಿತ್ರವಿದೆ, ಕೀಬೋರ್ಡ್ ಮತ್ತು ಮೌಸ್ ಸತ್ತಿವೆ

ಒಂದೇ ಕಂಪ್ಯೂಟರಿಗೆ ಹೀಗಾದರೆ ಅದರ ಯುಎಸ್‌ಬಿ ಕೇಬಲ್ ಸಿಕ್ಕಿಸಿದ್ದೀರಾ ನೋಡಿ. ತಮಾಷೆಗೆ ಹೇಳುತ್ತಿಲ್ಲ. ಎಚ್‌ಡಿಎಂಐ ಕೇಬಲ್ಲಿನಲ್ಲಿ ಚಿತ್ರ ಮತ್ತು ಧ್ವನಿ ಹೋಗುತ್ತದೆಯೇ ಹೊರತು ಕೀಬೋರ್ಡಿನ ಸಂಕೇತ ಹೋಗುವುದಿಲ್ಲ. ಕೆವಿಎಂ ಒಳಗೇ ಇರುವ ಮಾನಿಟರುಗಳಲ್ಲಿ ಇದೇ ಅತಿ ಸಾಮಾನ್ಯ ದೂರು. ಯುಎಸ್‌ಬಿ-ಸಿ ಕೇಬಲ್ಲಿನಲ್ಲಿ ಬಂದ ಲ್ಯಾಪ್‌ಟಾಪಿಗೆ ಚಿತ್ರವೂ ಕೀಬೋರ್ಡೂ ಒಂದರಲ್ಲೇ ಸಿಗುತ್ತದೆ, ಪಕ್ಕದ ಎಚ್‌ಡಿಎಂಐ ಕಂಪ್ಯೂಟರಿಗೆ ಬೇರೆ ಯುಎಸ್‌ಬಿ ಕೇಬಲ್ ಎಳೆಯಬೇಕು. ಜೊತೆಗೆ, ಯಾವ ಯುಎಸ್‌ಬಿ ಯಾವ ಇನ್‌ಪುಟ್ಟಿಗೆ ಸೇರಿದ್ದು ಎಂದು ಮಾನಿಟರಿನ ಮೆನುವಿನಲ್ಲಿ ಹೇಳಿಕೊಡಬೇಕು.

ಕೇಬಲ್ ಸರಿಯಿದ್ದರೆ ಕಂಪ್ಯೂಟರಿನ ಬೇರೆ ಯುಎಸ್‌ಬಿ ಪೋರ್ಟಿಗೆ ಹಾಕಿ. ನಡುವೆ ಹಬ್ ಇದ್ದರೆ ತೆಗೆಯಿರಿ. ಕೇಬಲ್ಲಿನ ಉದ್ದ ಯುಎಸ್‌ಬಿ 2.0 ಆದರೆ 5 ಮೀಟರ್ ಮೀರಬಾರದು, ಯುಎಸ್‌ಬಿ 3.0ಗೆ 3 ಮೀಟರಿನೊಳಗಿದ್ದರೆ ಕ್ಷೇಮ.

ಎಲ್ಲ ಕಂಪ್ಯೂಟರಿಗೂ ಹೀಗಾದರೆ ಕೀಬೋರ್ಡನ್ನು ನೇರ ಒಂದು ಕಂಪ್ಯೂಟರಿಗೆ ಹಾಕಿ ನೋಡಿ. ಅಲ್ಲಿ ನಡೆದು ಡಬ್ಬಿಯಲ್ಲಿ ನಡೆಯದಿದ್ದರೆ ಕೀಬೋರ್ಡಿಗೂ ಡಬ್ಬಿಗೂ ಹೊಂದಾಣಿಕೆಯಿಲ್ಲ. ಅನೇಕ ಡಬ್ಬಿಗಳು ಕೀಬೋರ್ಡ್ ಗುರುತಿನ ಪೋರ್ಟಿನಲ್ಲಿ ನಿಮ್ಮ ಕೀಬೋರ್ಡನ್ನು ತಾವು ಓದಿಕೊಂಡು, ಕಂಪ್ಯೂಟರುಗಳಿಗೆ ತಮ್ಮದೇ ಒಂದು ಸಾಧಾರಣ ಕೀಬೋರ್ಡನ್ನು ತೋರಿಸುತ್ತವೆ. ಇದರಿಂದ ದಾಟುವುದು ಬೇಗ ಆಗುತ್ತದೆ. ಆದರೆ ಬಣ್ಣದ ದೀಪ, ಮ್ಯಾಕ್ರೊ ಕೀಲಿ, ಹೆಚ್ಚುವರಿ ಗುಂಡಿಗಳಿರುವ ಆಟದ ಕೀಬೋರ್ಡ್ ಡಬ್ಬಿಗೆ ಅರ್ಥವೇ ಆಗದೆ ಹೋಗಬಹುದು. ಅದನ್ನು ಡಬ್ಬಿಯ ಸಾದಾ ಯುಎಸ್‌ಬಿ ಪೋರ್ಟಿಗೆ, ಪ್ರಿಂಟರ್ ಇತ್ಯಾದಿಗೆಂದು ಕೊಟ್ಟಿರುವುದಕ್ಕೆ, ಹಾಕಿ. ನಡೆಯುತ್ತದೆ, ಆದರೆ ಕೀಲಿ ಒತ್ತಿ ದಾಟಿಸುವ ಸೌಲಭ್ಯ ಹೋಗುತ್ತದೆ. ಆ ಪೋರ್ಟಿನಲ್ಲಿ ನೀವು ಒತ್ತಿದ್ದನ್ನು ಡಬ್ಬಿ ಓದುವುದಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಮರಳಿದಾಗ ಮಾತ್ರ ಸತ್ತಂತಿದ್ದರೆ ಕಂಪ್ಯೂಟರ್ ವಿದ್ಯುತ್ತು ಉಳಿಸಲು ಯುಎಸ್‌ಬಿ ಪೋರ್ಟನ್ನು ಮಲಗಿಸಿದೆ. ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಅನ್ನುವುದನ್ನು ಆಫ್ ಮಾಡಿ.

ವಿಂಡೋಸ್ ಅಥವಾ ಲಿನಕ್ಸ್ ಬಂದ ಮೇಲೆ ಸರಿ, ಅದಕ್ಕೂ ಮುಂಚೆ ಕೀಬೋರ್ಡ್ ಇಲ್ಲ

ಬಯಾಸ್, ಅಂದರೆ ಕಂಪ್ಯೂಟರ್ ಚಾಲೂ ಆದಾಗ ಎಲ್ಲಕ್ಕಿಂತ ಮೊದಲು ಓಡುವ ತಂತ್ರಾಂಶ, ಅದರ ಮೆನುವಿಗೆ ಹೋಗಲಾಗುವುದಿಲ್ಲ, ಡಿಸ್ಕಿನ ಗೂಢಲಿಪಿಯ (ಎನ್‌ಕ್ರಿಪ್ಷನ್) ಗುಪ್ತಪದ ಹೊಡೆಯಲಾಗುವುದಿಲ್ಲ. ಬಯಾಸ್‌ನಲ್ಲಿ ಫಾಸ್ಟ್ ಬೂಟ್ ಚಾಲೂ ಇದ್ದರೆ ಕೆಲವು ಕಂಪ್ಯೂಟರುಗಳು ಯುಎಸ್‌ಬಿಯನ್ನು ಎಬ್ಬಿಸದೆಯೇ ಮುಂದೆ ಓಡುತ್ತವೆ. ಒಮ್ಮೆ ಕೀಬೋರ್ಡನ್ನು ನೇರ ಸಿಕ್ಕಿಸಿ ಬಯಾಸ್ ಒಳಗೆ ಹೋಗಿ, ಫಾಸ್ಟ್ ಬೂಟ್ ತೆಗೆದು, ಯುಎಸ್‌ಬಿ ಬೆಂಬಲವನ್ನು ಪೂರ್ತಿ ಚಾಲೂ ಮಾಡಿ. ಬಯಾಸ್ ಅಪ್‌ಡೇಟ್ ಮಾಡುವಾಗಲಂತೂ ಕೆವಿಎಂ ನಡುವೆ ಬೇಡವೇ ಬೇಡ. ಕೀಬೋರ್ಡೂ ಪರದೆಯೂ ನೇರ ಇರಲಿ. ಅರ್ಧದಲ್ಲಿ ಪರದೆ ಹೋದರೆ ಕೆಲಸ ಮುಗಿಯಿತೋ ಇಲ್ಲವೋ ತಿಳಿಯದೆ ಆರಿಸಿಬಿಡುವ ಅಪಾಯವಿದೆ.

ಒಂದರ ಪರದೆ ಕಾಣುತ್ತದೆ, ಟೈಪಿಸಿದ್ದು ಇನ್ನೊಂದಕ್ಕೆ ಹೋಗುತ್ತದೆ

ಬೆನ್ನ ಹಿಂದೆ ಕೇಬಲ್ ಅದಲುಬದಲಾಗಿದೆ. ಒಂದನೆಯ ಕಂಪ್ಯೂಟರಿನ ಚಿತ್ರ ಒಂದನೆಯ ಪೋರ್ಟಿಗೆ, ಯುಎಸ್‌ಬಿ ಮಾತ್ರ ಎರಡನೆಯದಕ್ಕೆ ಹೋಗಿದೆ. ಎರಡೂ ತುದಿಗೆ ಅಂಕಿ ಬರೆದ ಚೀಟಿ ಅಂಟಿಸಿ. ಯುಎಸ್‌ಬಿಯನ್ನು ಮಾತ್ರ ಬೇರೆಯಾಗಿ ತಿರುಗಿಸುವ ಗುಂಡಿ ಇರುವ ಡಬ್ಬಿಗಳೂ ಇವೆ, ಅದು ಒತ್ತಿಹೋಗಿದೆಯೇ ನೋಡಿ. ಸರಿಯಾಗುವವರೆಗೆ ಯಾವ ಗುಪ್ತಪದವನ್ನೂ ಹೊಡೆಯಬೇಡಿ. ಆ ಕಡೆಯ ಕಂಪ್ಯೂಟರಿನಲ್ಲಿ ಯಾರದೋ ಜೊತೆಗಿನ ಚಾಟ್ ತೆರೆದಿರಬಹುದು.

ಕೀಲಿ ಒತ್ತಿದರೆ ದಾಟುತ್ತಿಲ್ಲ, ಇಲ್ಲವೇ ಕೇಳದೆಯೇ ದಾಟುತ್ತದೆ

ಸ್ಕ್ರೋಲ್‌ಲಾಕ್ ಎರಡು ಸಲ ಒತ್ತಿ ಆಮೇಲೆ ಪೋರ್ಟಿನ ಅಂಕಿ ಒತ್ತುವುದು ಹೆಚ್ಚಿನ ಡಬ್ಬಿಗಳ ರೂಢಿ. ಕೆಲವದರಲ್ಲಿ ಕಂಟ್ರೋಲ್ ಎರಡು ಸಲ. ಎರಡು ಒತ್ತಿನ ನಡುವೆ ತಡವಾದರೆ ಡಬ್ಬಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸಣ್ಣ ಕೀಬೋರ್ಡುಗಳಲ್ಲಿ ಸ್ಕ್ರೋಲ್‌ಲಾಕ್ ಇರುವುದೇ ಇಲ್ಲ. ಅಂಥ ಕೀಬೋರ್ಡ್ ಇದ್ದರೆ ದಾಟಿಸುವ ಕೀಲಿಯನ್ನು ಬದಲಿಸಲು ಬಿಡುವ ಡಬ್ಬಿಯೇ ವಾಸಿ.

ಕೇಳದೆ ದಾಟುವುದಕ್ಕೆ ಸಾಮಾನ್ಯ ಕಾರಣ ಎರಡು. ಹೊಸದಾಗಿ ಚಾಲೂ ಆದ ಕಂಪ್ಯೂಟರಿನ ಕಡೆ ತಾನೇ ತಿರುಗುವ ಆಯ್ಕೆ ಒಂದು. ಆಟದಲ್ಲೋ ಬೇರೆ ತಂತ್ರಾಂಶದಲ್ಲೋ ನೀವು ಕಂಟ್ರೋಲ್ ಎರಡು ಸಲ ಬೇಗ ಒತ್ತುವುದು ಇನ್ನೊಂದು. ತಾನೇ ತಿರುಗುವುದನ್ನೂ ಕೀಲಿ ಒತ್ತಿ ದಾಟಿಸುವುದನ್ನೂ ಡಬ್ಬಿಯ ಸೆಟ್ಟಿಂಗಿನಲ್ಲಿ ಆಫ್ ಮಾಡಬಹುದು.

ಅಕ್ಷರ ಒತ್ತಿದರೆ ಏನೇನೋ ಮೆನು ತೆರೆಯುತ್ತದೆ

ಕಂಟ್ರೋಲ್ ಅಥವಾ ಆಲ್ಟ್ ಒತ್ತಿ ಹಿಡಿದಿರುವಾಗಲೇ ದಾಟಿದರೆ ಹಿಂದಿನ ಕಂಪ್ಯೂಟರಿಗೆ ಕೀಲಿ ಬಿಟ್ಟ ಸುದ್ದಿ ಮುಟ್ಟುವುದೇ ಇಲ್ಲ. ಅದು ಇನ್ನೂ ಒತ್ತಿದೆ ಎಂದೇ ನಂಬಿ ಕೂತಿರುತ್ತದೆ. ಆ ಕಂಪ್ಯೂಟರಿಗೆ ಮರಳಿ ಎಡ ಬಲ ಎರಡೂ ಬದಿಯ ಕಂಟ್ರೋಲ್, ಆಲ್ಟ್, ಶಿಫ್ಟ್, ವಿಂಡೋಸ್ ಕೀಲಿಗಳನ್ನು ಒಂದೊಂದಾಗಿ ಒತ್ತಿ ಬಿಡಿ. ಅಷ್ಟೇ ಮದ್ದು. ಮ್ಯಾಕ್‌ನಲ್ಲಿ ಆಲ್ಟ್ ಮತ್ತು ಕಮಾಂಡ್ ಜಾಗ ಅದಲುಬದಲಾದಂತಿದ್ದರೆ ಅದರ ಕೀಬೋರ್ಡ್ ಸೆಟ್ಟಿಂಗಿನ ಮಾಡಿಫೈಯರ್ ಕೀಲಿಗಳಲ್ಲಿ ತಿರುಗಿಸಿಕೊಳ್ಳಿ.

ಮೌಸ್ ತಡವರಿಸುತ್ತದೆ, ಜಿಗಿಯುತ್ತದೆ

ತಂತಿಯಿಲ್ಲದ ಮೌಸ್ ಆದರೆ ಅದರ ಪುಟ್ಟ ರಿಸೀವರ್ ಎಲ್ಲಿದೆ ನೋಡಿ. ಯುಎಸ್‌ಬಿ 3.0 ಚಾಲನೆಯಲ್ಲಿರುವಾಗ ಹೊಮ್ಮುವ ರೇಡಿಯೊ ಗದ್ದಲ, ಇಂಥ ಮೌಸುಗಳು ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಯ ಮೇಲೇ ಬೀಳುತ್ತದೆ. ಇಂಟೆಲ್ 2012ರಲ್ಲೇ ಇದನ್ನು ಅಳೆದು ಪ್ರಕಟಿಸಿತ್ತು. ಪಕ್ಕದ ಪೋರ್ಟಿನಲ್ಲಿ ಹೊರಗಿನ ಹಾರ್ಡ್‌ಡಿಸ್ಕ್ ಓಡುವಾಗ ಮೌಸ್ ಹುಚ್ಚೆದ್ದರೆ ಇದೇ ಕಾರಣ. ರಿಸೀವರನ್ನು ಒಂದು ಗಿಡ್ಡ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ಲಿಗೆ ಹಾಕಿ ಮೌಸಿನ ಹತ್ತಿರ ತನ್ನಿ, ಸಾಧ್ಯವಾದರೆ ಯುಎಸ್‌ಬಿ 2.0 ಪೋರ್ಟಿಗೆ ಹಾಕಿ. ತಂತಿಯ ಆಟದ ಮೌಸ್ ಆದರೆ ಸೆಕೆಂಡಿಗೆ 1000 ಸಲ ವರದಿ ಕಳಿಸುವುದನ್ನು 125ಕ್ಕೆ ಇಳಿಸಿ ನೋಡಿ. ಎಲ್ಲ ಡಬ್ಬಿಗೂ ಆ ವೇಗ ದಕ್ಕುವುದಿಲ್ಲ.

ಪೆನ್‌ಡ್ರೈವ್, ವೆಬ್‌ಕ್ಯಾಮ್, ಗುಂಯ್ ಎನ್ನುವ ಸ್ಪೀಕರ್

ಡಬ್ಬಿಯಲ್ಲಿ ಪೆನ್‌ಡ್ರೈವ್ ಸಿಕ್ಕಿಸಿ ದಾಟಿದರೆ ಅದನ್ನು ಕೈಯಿಂದ ಕಿತ್ತದ್ದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಕಡತ ನಕಲಾಗುತ್ತಿದ್ದರೆ ಹಾಳಾಗಬಹುದು. ಸುರಕ್ಷಿತವಾಗಿ ತೆಗೆಯುವ ಆಜ್ಞೆ ಕೊಟ್ಟ ಮೇಲೇ ದಾಟಿ. ವೆಬ್‌ಕ್ಯಾಮ್, ಮೈಕು ಡಬ್ಬಿಯಲ್ಲಿದ್ದರೆ ಮೀಟಿಂಗ್ ನಡುವೆ ದಾಟಿದಾಗ ಅವೂ ನಿಮ್ಮ ಹಿಂದೆಯೇ ಬರುತ್ತವೆ, ಆಚೆಯವರಿಗೆ ನೀವು ಮಾಯ. ಅವನ್ನು ಮೀಟಿಂಗಿನ ಕಂಪ್ಯೂಟರಿಗೆ ನೇರ ಸಿಕ್ಕಿಸುವುದೇ ಮೇಲು. ಡಬ್ಬಿಯ ಆಡಿಯೊ ಪೋರ್ಟಿನಲ್ಲಿ ಗುಂಯ್ ಸದ್ದು ಬಂದರೆ ಬಹುಶಃ ಕಂಪ್ಯೂಟರುಗಳು ಬೇರೆ ಬೇರೆ ಗೋಡೆಯ ಪ್ಲಗ್ಗಿನಲ್ಲಿವೆ. ಎಲ್ಲವನ್ನೂ ಒಂದೇ ಪಟ್ಟಿಗೆ ತನ್ನಿ.

ಡಬ್ಬಿಯಿಲ್ಲ, ತಂತ್ರಾಂಶದಲ್ಲೇ ಹಂಚಿಕೊಂಡಿದ್ದೇನೆ. ಮೌಸ್ ಅಂಚು ದಾಟುತ್ತಿಲ್ಲ

ಸಿನರ್ಜಿ, ಡೆಸ್ಕ್‌ಫ್ಲೋ, ಇನ್‌ಪುಟ್ ಲೀಪ್, ಮೈಕ್ರೊಸಾಫ್ಟ್ ಪವರ್‌ಟಾಯ್ಸ್ ಜೊತೆ ಬರುವ ಮೌಸ್ ವಿದೌಟ್ ಬಾರ್ಡರ್ಸ್ ಇವೆಲ್ಲ ಕೀಬೋರ್ಡ್ ಮತ್ತು ಮೌಸನ್ನು ಮಾತ್ರ ಜಾಲದ ಮೂಲಕ ಹಂಚುತ್ತವೆ. ಪರದೆ ಪ್ರತಿ ಕಂಪ್ಯೂಟರಿಗೂ ಬೇರೆಯೇ ಇರಬೇಕು. ಇಲ್ಲಿ ಮೊದಲು ನೋಡಬೇಕಾದದ್ದು ಎರಡೂ ಒಂದೇ ಜಾಲದಲ್ಲಿವೆಯೇ ಎಂದು. ಒಂದು ಮನೆಯ ವೈಫೈನಲ್ಲಿ, ಇನ್ನೊಂದು ಅತಿಥಿಗಳ ವೈಫೈನಲ್ಲಿ ಇದ್ದರೆ ಒಂದಕ್ಕೊಂದು ಕಾಣುವುದಿಲ್ಲ. ಕಚೇರಿಯ ವಿಪಿಎನ್ ಚಾಲೂ ಇದ್ದರೂ ಹಾಗೆಯೇ.

ಮುಂದಿನದು ಫೈರ್‌ವಾಲ್. ಸಿನರ್ಜಿ, ಡೆಸ್ಕ್‌ಫ್ಲೋ, ಇನ್‌ಪುಟ್ ಲೀಪ್ 24800ನೆಯ ಟಿಸಿಪಿ ಪೋರ್ಟ್ ಬಳಸುತ್ತವೆ (ಇಲ್ಲಿ ಪೋರ್ಟ್ ಅಂದರೆ ಕೇಬಲ್ ಸಿಕ್ಕಿಸುವ ಜಾಗವಲ್ಲ, ಜಾಲದಲ್ಲಿ ಒಳಬರುವ ಬಾಗಿಲಿನ ಸಂಖ್ಯೆ). ವಿಂಡೋಸ್ ನಿಮ್ಮ ಜಾಲವನ್ನು ಪಬ್ಲಿಕ್ ಎಂದು ಗುರುತಿಸಿದ್ದರೆ ಹೊರಗಿನಿಂದ ಬರುವುದನ್ನು ತಡೆಯುತ್ತದೆ. ಮನೆಯ ಜಾಲವಾದರೆ ಪ್ರೈವೇಟ್ ಎಂದು ಬದಲಿಸಿ. ಫೈರ್‌ವಾಲನ್ನೇ ಪೂರ್ತಿ ಆರಿಸಿ ಬಿಡಬೇಡಿ. ಗೂಢಲಿಪಿಯ ಆಯ್ಕೆ ಎರಡೂ ಕಡೆ ಒಂದೇ ಇರಬೇಕು, ಒಂದರಲ್ಲಿ ಹಾಕಿ ಇನ್ನೊಂದರಲ್ಲಿ ತೆಗೆದರೆ ಸಂಪರ್ಕವೇ ಆಗದು. ಅದನ್ನು ತೆಗೆದು ಬಳಸುವುದೂ ಸಲ್ಲದು, ನೀವು ಹೊಡೆಯುವ ಪ್ರತಿ ಅಕ್ಷರವೂ ಜಾಲದಲ್ಲಿ ಬಿಚ್ಚಿಟ್ಟಂತೆ ಹೋಗುತ್ತದೆ.

ಲಿನಕ್ಸ್‌ನಲ್ಲಿ ಮೌಸ್ ದಾಟದೆ ನಿಂತರೆ ಪರದೆಯನ್ನು ನಡೆಸುವ ಹೊಸ ವ್ಯವಸ್ಥೆಯಾದ ವೇಲ್ಯಾಂಡ್ ಕಾರಣವಿರಬಹುದು. ಈ ತಂತ್ರಾಂಶಗಳ ಹಳೆಯ ಆವೃತ್ತಿಗಳಿಗೆ ಅದು ಒಗ್ಗುವುದಿಲ್ಲ. ಹಳೆಯ ವ್ಯವಸ್ಥೆಯಾದ ಎಕ್ಸ್11 ಸೆಷನ್ ಇದ್ದರೆ ಅದರಲ್ಲಿ ಲಾಗಿನ್ ಆಗಿ ನೋಡಿದರೆ ತಿಳಿಯುತ್ತದೆ. ವಿಂಡೋಸ್‌ನಲ್ಲಿ ಕೆಲವು ವಿಂಡೋಗಳ ಮೇಲೆ ಮಾತ್ರ ಮೌಸ್ ಮರಗಟ್ಟಿದರೆ ಅವು ಅಡ್ಮಿನಿಸ್ಟ್ರೇಟರ್ ಹಕ್ಕಿನಲ್ಲಿ ಓಡುತ್ತಿವೆ, ತಂತ್ರಾಂಶವನ್ನೂ ಸರ್ವಿಸ್ ಆಗಿ ಓಡಿಸಬೇಕು. ಆಪಲ್‌ನ ಯೂನಿವರ್ಸಲ್ ಕಂಟ್ರೋಲ್ ಬಳಸುವವರಿಗೆ ಮ್ಯಾಕ್‌ಒಎಸ್ 12.3, ಐಪ್ಯಾಡ್‌ಒಎಸ್ 15.4 ಅಥವಾ ಅದಕ್ಕಿಂತ ಮೇಲಿನದು ಬೇಕು. ಒಂದೇ ಆಪಲ್ ಖಾತೆ, ಬ್ಲೂಟೂತ್, ವೈಫೈ, ಹ್ಯಾಂಡಾಫ್ ಎಲ್ಲವೂ ಚಾಲೂ ಇರಬೇಕು. ಯಾವುದೊಂದು ಆರಿದ್ದರೂ ಬಾಣ ಅಂಚಿನಲ್ಲೇ ಬಡಿದು ನಿಲ್ಲುತ್ತದೆ.

ಯಾವಾಗ ಕೈಬಿಡಬೇಕು

ಒಳ್ಳೆಯದೆಂದು ಗೊತ್ತಿರುವ ಕೇಬಲ್, ಒಳ್ಳೆಯ ಅಡಾಪ್ಟರ್, ಸಾದಾ ತಂತಿ ಕೀಬೋರ್ಡ್ ಹಾಕಿ, ಪೂರ್ತಿ ಆರಿಸಿ ಎಬ್ಬಿಸಿದ ಮೇಲೂ ಒಂದೇ ಪೋರ್ಟ್ ಪ್ರತಿ ಕಂಪ್ಯೂಟರಿಗೂ ಕೈಕೊಡುತ್ತಿದ್ದರೆ ಡಬ್ಬಿ ಹಾಳಾಗಿದೆ. ಖಾತರಿ ಅವಧಿಯಿದ್ದರೆ ಬಿಚ್ಚಬೇಡಿ, ಮಾರಿದವರಿಗೆ ಹಿಂದಿರುಗಿಸಿ. ನಾಲ್ಕರಲ್ಲಿ ಒಂದು ಪೋರ್ಟ್ ಸತ್ತ ಅಗ್ಗದ ಡಬ್ಬಿಯನ್ನು ರಿಪೇರಿಗೆ ಕೊಡುವುದಕ್ಕಿಂತ ಉಳಿದ ಮೂರರಲ್ಲಿ ನಡೆಸುವುದು ಜಾಣತನ. ಮಾನಿಟರ್ ಅಥವಾ ಅಡಾಪ್ಟರನ್ನು ಮಾತ್ರ ಯಾವ ಕಾರಣಕ್ಕೂ ನೀವಾಗಿ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಹೊಡೆತ ಕೊಡುವಷ್ಟು ವಿದ್ಯುತ್ತು ಉಳಿದಿರುತ್ತದೆ. ಕಚೇರಿಯ ಕಂಪ್ಯೂಟರುಗಳಾದರೆ, ಅದರಲ್ಲೂ ಸರ್ವರುಗಳಾದರೆ, ಕೇಬಲ್ ಕೀಳುವ ಮೊದಲು ಅದನ್ನು ನೋಡಿಕೊಳ್ಳುವವರಿಗೆ ಒಂದು ಮಾತು ಹೇಳಿ.

ಸಹಾಯ ಕೇಳಲು ಹೋಗುವಾಗ ಡಬ್ಬಿಯ ಮಾದರಿ ಸಂಖ್ಯೆ, ಮಾನಿಟರಿನ ರೆಸಲ್ಯೂಶನ್ ಮತ್ತು ಹರ್ಟ್ಸ್, ಕೇಬಲ್ಲುಗಳ ಬಗೆ ಮತ್ತು ಉದ್ದ, ನಡುವಿನ ಪರಿವರ್ತಕಗಳು ಇಷ್ಟನ್ನು ಬರೆದುಕೊಂಡು ಹೋಗಿ. ಜೊತೆಗೆ ಆ ಎರಡು ಪ್ರಶ್ನೆಗೆ ಸಿಕ್ಕ ಉತ್ತರ, ನೇರ ಸಿಕ್ಕಿಸಿದಾಗ ಏನಾಯಿತು, ಪೋರ್ಟ್ ಬದಲಿಸಿದಾಗ ದೋಷ ಎಲ್ಲಿಗೆ ಹೋಯಿತು ಎಂಬುದೂ ಇರಲಿ. ಬರೀ ‘ಕೆವಿಎಂ ನಡೆಯುತ್ತಿಲ್ಲ’ ಎಂದರೆ ಅವರೂ ಮೊದಲಿಗೆ ಕೇಳುವುದು ಇದನ್ನೇ.